ರಸ್ತೆಗೂ ಒಂದು ಸಿ ಖಾತಾ ಕೊಡಿ

ಬೆಂಗಳೂರಲ್ಲಿ ತರ್ಟಿ-ಫಾರ್ಟಿ ಸೈಟು ಅಂದರೆ 30x40 ಅಂತ ನಂಬುವವರು ಪತ್ರ ಬರಹಗಾರರು ಮಾತ್ರ. ನಮ್ಮ ಬಡಾವಣೆಯಲ್ಲಿ ಸುಮ್ನೆ ಒಂದು ಸುತ್ತು ನಡೆದು ನೋಡಿ, ಅದು 30x50. ಗೇಟಿನಾಚೆಯ ಹತ್ತಡಿ ಕ್ರಯಪತ್ರದಲ್ಲಿ ಬಂದಿಲ್ಲ, ಅಷ್ಟೇ.

ಶುರುವಾಗುವುದು ನೋ ಪಾರ್ಕಿಂಗ್ ಬೋರ್ಡಿನಿಂದ. ಯಾವುದೋ ಟ್ಯೂಷನ್ ಸೆಂಟರಿನವರು ಬಿಟ್ಟಿ ಹಂಚಿದ್ದು. ಕೆಳಗೆ ಮಾಲೀಕರು ಕೈಯಾರೆ ಬರೆದಿರುತ್ತಾರೆ: ‘ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’. ಆಮೇಲೆ ಕುಂಡಗಳು ಬರುತ್ತವೆ. ಪೇಂಟ್ ಡಬ್ಬಕ್ಕೆ ಸಿಮೆಂಟ್ ಸುರಿದು ನಡುವೆ ಕಬ್ಬಿಣದ ಸರಳು ನೆಟ್ಟರೂ ಅದು ಕುಂಡವೇ. ಮೂರನೇ ಕ್ರಾಸಲ್ಲಿ ಒಬ್ಬರು ಹಳೇ ಕಮೋಡಿನಲ್ಲಿ ದಾಸವಾಳ ಬೆಳೆಸಿದ್ದಾರೆ. ಚೆನ್ನಾಗಿಯೇ ಹೂ ಬಿಡುತ್ತದೆ. ವಾಕಿಂಗ್ ಬರುವವರು ದೇವರ ಪೂಜೆಗೆ ಅಂತ ಕಿತ್ತುಕೊಂಡು ಹೋಗುತ್ತಾರೆ.

ಇನ್ನು ರ್‍ಯಾಂಪು. ಕಾರು ಒಳಗೆ ಹೋಗಲಿ ಅಂತ ಫುಟ್‌ಪಾತ್ ಒಡೆದು ಹಾಕಿದ ಹೊಳೆಯುವ ಗ್ರಾನೈಟಿನ ಇಳಿಜಾರು. ಕಾರು ಮಾತ್ರ ಒಳಗೆ ಹೋಗಲ್ಲ. ಅದರ ಜಾಗದಲ್ಲಿ ಕಾಂಡಿಮೆಂಟ್ಸ್ ಅಂಗಡಿ ಬಾಡಿಗೆಗಿದೆ. ಕಾರು ಅದೇ ನೋ ಪಾರ್ಕಿಂಗ್ ಬೋರ್ಡಿನ ಕೆಳಗೆ ಕವರ್ ಹೊದ್ದು ಮಲಗಿದೆ. ಟೈರಿನ ಗಾಳಿ ತಾನಾಗಿಯೇ ಹೋಗಿದೆ. ಹೇಳಿದ ಮಾತಿಗೆ ತಪ್ಪಲಿಲ್ಲ ಪಾಪ.

ಗೇಟಿಗೆ ಅಡ್ಡ ಗಾಡಿ ನಿಲ್ಲಿಸಬಾರದು ಅಂತ ಕಾನೂನೇ ಇದೆ ಅಂತಾರೆ. ಇದೆ. ಫುಟ್‌ಪಾತ್ ಮೇಲೂ ನಿಲ್ಲಿಸಬಾರದು ಅಂತ ಅದೇ ಕಾನೂನು ಹೇಳುತ್ತದೆ, ಆದರೆ ಅಷ್ಟು ಹೊತ್ತಿಗೆ ಓದುವವರಿಗೆ ನಿದ್ದೆ ಬಂದಿರುತ್ತದೆ. ನಡೆಯಲು ಅಡೆತಡೆ ಇಲ್ಲದ 1.8 ಮೀಟರ್ ಅಗಲ ಬೇಕು ಅನ್ನುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕ. ಸರಿಯಾದ ಫುಟ್‌ಪಾತ್ ಜೀವಿಸುವ ಹಕ್ಕಿನ ಭಾಗ ಅಂತ 2025ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ನಮ್ಮ ಬೀದಿಯಲ್ಲಿ ಆ ಹಕ್ಕು ಚಲಾಯಿಸಬೇಕು ಅಂದರೆ ಕಮೋಡು ಹಾರಿ, ಸರಳು ಬಳಸಿ, ಗ್ರಾನೈಟ್ ಮೇಲೆ ಜಾರಿ, ಬಾನೆಟ್ ಹತ್ತಿ ಇಳಿಯಬೇಕು. ಜೀವ ಜಾಸ್ತಿ ಬೇಕು ಅನ್ನುವವರು ರಸ್ತೆಗೇ ಇಳಿದು ಟ್ಯಾಂಕರ್ ಪಕ್ಕ ನಡೆಯುತ್ತಾರೆ.

ಹಾಗಾಗಿ ನನ್ನದೊಂದು ಅರ್ಜಿ. ದಾಖಲೆ ಸರಿಯಿರುವ ಆಸ್ತಿಗೆ ಎ ಖಾತಾ ಇದೆ, ಸರಿಯಿಲ್ಲದ್ದಕ್ಕೆ ಬಿ ಖಾತಾ ಇದೆ. ಬಿಯನ್ನು ಎ ಮಾಡಿಕೊಡುತ್ತೇವೆ ಅಂತ ಸರ್ಕಾರವೇ ಮುಂದೆ ಬಂದಿದೆ. ಒಂದು ಪಾಲಿಕೆ ಹೋಗಿ ಐದು ಬಂದಿವೆ, ಕೌಂಟರಿಗೇನು ಬರ ಇಲ್ಲ. ಈ ಹತ್ತಡಿಗೆ ಸಿ ಖಾತಾ ಕೊಟ್ಟು ಕಂದಾಯ ವಸೂಲಿ ಮಾಡಿ. 2021ರ ಪಾರ್ಕಿಂಗ್ ನೀತಿಯಲ್ಲಿ ಮನೆ ಮುಂದೆ ನಿಲ್ಲಿಸುವುದಕ್ಕೆ ವರ್ಷಕ್ಕಿಷ್ಟು ಅಂತ ಪರ್ಮಿಟ್ ಶುಲ್ಕದ ಮಾತಿತ್ತು. ಅದು ತಪ್ಪು ದಾರಿ. ಮಾಲೀಕರ ಹತ್ತಿರವೇ ಬಾಡಿಗೆ ಕೇಳಿದರೆ ಸಿಟ್ಟು ಬರಲ್ವಾ?

ಚೆಕ್ಕುಬಂದಿ ನಾನೇ ಬರೆದಿಟ್ಟಿದ್ದೇನೆ. ಪೂರ್ವಕ್ಕೆ ಟ್ರಾನ್ಸ್‌ಫಾರ್ಮರ್, ಪಶ್ಚಿಮಕ್ಕೆ ಪಕ್ಕದ ಮನೆಯವರ ಸಿ ಖಾತಾ, ಉತ್ತರಕ್ಕೆ ಸ್ವಂತ ಗೇಟು, ದಕ್ಷಿಣಕ್ಕೆ ರಸ್ತೆ, ಎದುರು ಮನೆಯವರು ಬಿಟ್ಟಿದ್ದರೆ.