ಓಡುವ ಲಿಫ್ಟಿಗೆ ಲೈಸೆನ್ಸು, ನಿಂತ ಲಿಫ್ಟಿಗೆ ಸ್ಟಿಕ್ಕರು

ಈ ವರ್ಷದ ದೀಕ್ಷೆ ಮುಗಿಯಿತು. ಹದಿನೆಂಟು ಸ್ಲೈಡು, ಆರು ಪ್ರಶ್ನೆ, ಕೊನೆಗೊಂದು ಸಹಿ. ಹ್ಯಾಂಬರ್ಗಿನ ಹಳೇ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ಕೂತು ಕೋಡು ಬರೆಯುವ ನಾನು ಇನ್ನೊಂದು ವರ್ಷ ಪಾಟರ್‌ನೋಸ್ಟರ್ ಎಂಬ, ನಿಲ್ಲದೇ ಸುತ್ತುವ ಲಿಫ್ಟನ್ನು ಹತ್ತಲು ಅರ್ಹ. ನಾಲ್ಕನೇ ಪ್ರಶ್ನೆ ಹೀಗಿತ್ತು: ‘ಪೆಟ್ಟಿಗೆಯ ನೆಲ ಆಗಲೇ ನಿಮ್ಮ ಮೊಣಕಾಲಿನ ಎತ್ತರಕ್ಕೆ ಹೋಗಿದೆ. ಏನು ಮಾಡುತ್ತೀರಿ? ಅ) ಹಾರುತ್ತೇನೆ. ಆ) ಮುಂದಿನದಕ್ಕೆ ಕಾಯುತ್ತೇನೆ. ಇ) ಮೇಲಧಿಕಾರಿಯನ್ನು ಸಂಪರ್ಕಿಸುತ್ತೇನೆ.’ ಒಂದು ಗಳಿಗೆ ನನ್ನ ಬೆರಳು ‘ಇ’ ಮೇಲೆಯೇ ಇತ್ತು. ಎಲ್ಲದಕ್ಕೂ ನಿಯಮ, ಅನುಮತಿ ಕೇಳುವ ಜರ್ಮನಿಯಲ್ಲಿ ಹತ್ತು ವರ್ಷ ಕಳೆದವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಪಾಟರ್‌ನೋಸ್ಟರ್ ನೋಡದವರು ಜಾತ್ರೆಯ ರಾಟೆ ತೊಟ್ಟಿಲನ್ನು ನೆನೆಸಿಕೊಳ್ಳಿ. ಅದನ್ನು ಎರಡೂ ಬದಿಯಿಂದ ಅಮುಕಿ ಉದ್ದ ಮಾಡಿ, ಕಟ್ಟಡದ ಗೋಡೆಯೊಳಗೆ ಸೇರಿಸಿ, ನಿಲ್ಲಿಸುವ ಹುಡುಗನನ್ನು ಊಟಕ್ಕೆ ಕಳಿಸಿಬಿಡಿ. ಬಾಗಿಲಿಲ್ಲದ ಮರದ ಪೆಟ್ಟಿಗೆಗಳು ಸರಪಳಿಯಲ್ಲಿ ಸಾಲಾಗಿ ಒಂದು ಕಡೆ ಮೇಲೆ ಹೋಗುತ್ತಿರುತ್ತವೆ, ಪಕ್ಕದಲ್ಲೇ ಕೆಳಗೆ ಇಳಿಯುತ್ತಿರುತ್ತವೆ. ಗುಂಡಿ ಇಲ್ಲ, ಕಾಯುವುದಿಲ್ಲ. ಪೆಟ್ಟಿಗೆಗೆ ಇಬ್ಬರು. ವೇಗ ಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್, ಅಂದರೆ ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಹೋಳಿಗೆ ಬರುವ ವೇಗ. ಹೊಸ್ತಿಲ ಹತ್ತಿರ ಕೀಲು ಹಾಕಿದ ಹಲಗೆ ಇರುತ್ತದೆ. ಕಾಲು ಸಿಕ್ಕಿಕೊಂಡರೆ ಅದು ಮಡಚಿಕೊಳ್ಳುತ್ತದೆ, ಯಂತ್ರ ನಿಲ್ಲುತ್ತದೆ.

2015ರಲ್ಲಿ ಜರ್ಮನಿಯಲ್ಲಿ ಈ ಯಂತ್ರದ ಸುತ್ತ ಒಂದು ಪ್ರಹಸನವೇ ನಡೆಯಿತು. ಆಗ ಕಾರ್ಮಿಕ ಸಚಿವೆಯಾಗಿದ್ದ ಆಂಡ್ರೆಯಾ ನಾಲೆಸ್ ಅವರ ಇಲಾಖೆಯ ಹೊಸ ನಿಯಮ ಜೂನ್ 1ರಿಂದ ಜಾರಿಗೆ ಬಂತು. ಇನ್ನು ಮೇಲೆ ಮಾಲೀಕರಿಂದ ತಿಳಿವಳಿಕೆ ಪಡೆದ ನೌಕರರು ಮಾತ್ರ ಪಾಟರ್‌ನೋಸ್ಟರ್ ಹತ್ತಬೇಕು, ಉಳಿದವರು ಮೆಟ್ಟಿಲು ನೋಡಿಕೊಳ್ಳಬೇಕು. ಪತ್ರಿಕೆಗಳು ಅದಕ್ಕೆ ‘ಪಾಟರ್‌ನೋಸ್ಟರ್ ಲೈಸೆನ್ಸು’ ಅಂತ ನಾಮಕರಣ ಮಾಡಿ ತಿಂಗಳು ಪೂರ್ತಿ ಹಬ್ಬ ಮಾಡಿದವು. ಇಡೀ ದೇಶದಲ್ಲಿ ಇರುವುದೇ ಇನ್ನೂರು ಚಿಲ್ಲರೆ ಪಾಟರ್‌ನೋಸ್ಟರ್. ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಕಾರು ಓಡಿಸಿದರೂ ಕೇಳುವವರಿಲ್ಲದ ಹೆದ್ದಾರಿಗಳಿರುವ ದೇಶ ಇದು. ಇಲ್ಲಿ ಇಲಾಖೆಯ ಕಣ್ಣಿಗೆ ಬಿದ್ದದ್ದು ಬಸವನಹುಳುವಿನಂತೆ ಮೇಲೇರುವ ಮರದ ಪೆಟ್ಟಿಗೆ. ಜುಲೈ ಹೊತ್ತಿಗೆ ನಿಯಮ ತಿದ್ದಿ, ಸಾರ್ವಜನಿಕರೂ ಹತ್ತಬಹುದು, ಆದರೆ ಕಟ್ಟಡದವರು ಎಚ್ಚರಿಕೆ ಕ್ರಮ ತೆಗೆದುಕೊಳ್ಳಬೇಕು ಎಂದರು. ನಮ್ಮ ಕಟ್ಟಡದವರು ತೆಗೆದುಕೊಂಡ ಕ್ರಮವೇ ಈ ಹದಿನೆಂಟು ಸ್ಲೈಡು. ಅತಿಥಿಗಳಿಗೆ ಸ್ಲೈಡೂ ಇಲ್ಲ, ಪ್ರವೇಶವೂ ಇಲ್ಲ.

ಇದು ಮೊದಲ ಸಲವೇನೂ ಅಲ್ಲ. ಹೊಸ ಪಾಟರ್‌ನೋಸ್ಟರ್ ಕಟ್ಟುವುದನ್ನು ಪಶ್ಚಿಮ ಜರ್ಮನಿ 1974ರಲ್ಲೇ ನಿಲ್ಲಿಸಿತ್ತು. 1994ರಲ್ಲಿ ಇದ್ದಬದ್ದವನ್ನೂ ಮುಚ್ಚುವ ಯೋಚನೆ ಬಂದಾಗ ಮ್ಯೂನಿಕ್‌ನಲ್ಲಿ ಒಂದು ರಕ್ಷಣಾ ಸಂಘವೇ ಹುಟ್ಟಿತು. ಆ ಸಂಘದ ಹೆಸರಿನಲ್ಲಿ ಈ ಯಂತ್ರದ ಅಧಿಕೃತ ನಾಮಧೇಯ ಇದೆ: ಪೆರ್ಜೋನನ್‌ಉಮ್‌ಲೌಫ್‌ಔಫ್‌ಟ್ಸೂಗ್. ನೆಲಮಹಡಿಯಲ್ಲಿ ಹೇಳಲು ಶುರು ಮಾಡಿದರೆ ಮೊದಲನೇ ಮಹಡಿಯಲ್ಲಿ ಮುಗಿಯುತ್ತದೆ.

ಜನ ಕರೆಯುವ ಹೆಸರು ಬೇರೆ. ‘ಪಾಟರ್‌ನೋಸ್ಟರ್’ ಅಂದರೆ ಲ್ಯಾಟಿನ್‌ನಲ್ಲಿ ‘ನಮ್ಮ ತಂದೆಯೇ’, ಕ್ರೈಸ್ತರ ಪ್ರಾರ್ಥನೆಯ ಮೊದಲ ಎರಡು ಪದ. ಪೆಟ್ಟಿಗೆಗಳ ಸಾಲು ಜಪಮಣಿಗಳ ಹಾಗೆ ತಿರುಗುತ್ತದೆ ಎಂದು ಆ ಹೆಸರು. ಹತ್ತುವಾಗ ಬಾಯಲ್ಲಿ ಬರುವುದೂ ಅದೇ ಎಂದು ನನ್ನ ವ್ಯಾಖ್ಯಾನ. ಇನ್ನೊಂದು ಅಡ್ಡಹೆಸರು ‘ಬೆಆಮ್ಟನ್‌ಬಾಗರ್’. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸರ್ಕಾರಿ ನೌಕರರ ಜೆಸಿಬಿ. ಬೆಳಿಗ್ಗೆ ಗುಮಾಸ್ತರನ್ನು ಬೊಗಸೆ ಬೊಗಸೆಯಾಗಿ ಮೇಲೆ ಸುರಿಯುತ್ತದೆ, ಸಂಜೆ ಅಷ್ಟನ್ನೂ ಕೆಳಗೆ ಸುರಿಯುತ್ತದೆ. ಮಧ್ಯೆ ಏನಾದರೂ ಕೆಲಸ ನಡೆಯಿತೋ ಇಲ್ಲವೋ ಅದು ಯಂತ್ರದ ತಪ್ಪಲ್ಲ.

ಮೊದಲಿನದನ್ನು ಲಿವರ್‌ಪೂಲ್‌ನಲ್ಲಿ 1868ರಲ್ಲಿ ಪೀಟರ್ ಎಲ್ಲಿಸ್ ಎಂಬ ವಾಸ್ತುಶಿಲ್ಪಿ ಕೂರಿಸಿದ ಎನ್ನುತ್ತಾರೆ. ಜರ್ಮನಿಗೆ ಬಂದದ್ದು 1886ರಲ್ಲಿ, ಇದೇ ಹ್ಯಾಂಬರ್ಗಿನ ಡೋವನ್‌ಹೋಫ್ ಕಟ್ಟಡಕ್ಕೆ. ಹಾಗಾಗಿ ಈ ಊರಿನವರಿಗೆ ಇದರ ಬಗ್ಗೆ ತವರಿನ ಅಭಿಮಾನ. ಕೊನೆಯ ಮಹಡಿಯಲ್ಲಿ ಇಳಿಯದೇ ಕೂತರೆ ಪೆಟ್ಟಿಗೆ ತಲೆಕೆಳಗಾಗುತ್ತದೆ ಎಂದು ಹೊಸಬರನ್ನು ಹೆದರಿಸುವುದು ಇಲ್ಲಿನ ಹಳೇ ಚೇಷ್ಟೆ. ನಾನೂ ಮೊದಲ ವಾರ ನಂಬಿದ್ದೆ. ಒಂದು ಶುಕ್ರವಾರ ಧೈರ್ಯ ಮಾಡಿ ಇಳಿಯದೇ ನಿಂತೆ. ಬೆಳಕು ಹೋಯಿತು. ಗ್ರೀಸ್ ವಾಸನೆ. ಆಳೆತ್ತರದ ಹಲ್ಲುಚಕ್ರವೊಂದು ಕಿವಿಯ ಪಕ್ಕದಲ್ಲೇ ನಿಧಾನಕ್ಕೆ ಸರಿಯಿತು, ಪೆಟ್ಟಿಗೆ ಸ್ವಲ್ಪ ನಡುಗಿ ಪಕ್ಕಕ್ಕೆ ಜರುಗಿತು, ಮತ್ತೆ ಬೆಳಕು. ನೆಟ್ಟಗೆ ನಿಂತವನು ನೆಟ್ಟಗೇ ಕೆಳಗಿಳಿದೆ. ‘ಅಟ್ಟ, ನೆಲಮಾಳಿಗೆ ದಾಟಿ ಹೋದರೂ ಅಪಾಯವಿಲ್ಲ’ ಎಂಬ ಹಳೇ ತಗಡಿನ ಫಲಕ ಅಲ್ಲೇ ಇತ್ತು. ಈಗ ಅದರ ಮೇಲೆ, ಹಾಗೆ ಹೋಗುವುದನ್ನು ನಿಷೇಧಿಸಿದ ಕಾಗದ ಅಂಟಿಸಿದ್ದಾರೆ. ತಗಡಿನ ಅಂಚು ಮಾತ್ರ ಕಾಣುತ್ತದೆ.

ಬೆಂಗಳೂರಿನಲ್ಲಿ ಕಾಲೇಜು ಓದಿದವನಿಗೆ ಇದೆಲ್ಲ ಏನು ಮಹಾ ಅನ್ನಿಸುವುದು ಸಹಜ. ಸಿಗ್ನಲ್‌ನಲ್ಲಿ ಹೊರಟೇಬಿಟ್ಟ ಬಸ್ಸಿನ ಕಂಬಿ ಹಿಡಿದು, ಒಂದು ಕಾಲು ಫುಟ್‌ಬೋರ್ಡಿನ ಮೇಲೆ ಇನ್ನೊಂದು ಗಾಳಿಯಲ್ಲಿ ಇಟ್ಟುಕೊಂಡು ಪದವಿ ಪಡೆದವರು ನಾವು. ಆ ಬಸ್ಸು ಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತಿದ್ದದ್ದು ಟ್ರಾಫಿಕ್ ಜಾಮಿನಲ್ಲಿ ಮಾತ್ರ.

ಆದರೂ ಅಪಾಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. 2012ರಲ್ಲಿ ನೆದರ್‌ಲ್ಯಾಂಡ್ಸಿನ ಹೇಗ್ ನಗರದಲ್ಲಿ 81 ವರ್ಷದ ಹಿರಿಯರೊಬ್ಬರು ಪಾಟರ್‌ನೋಸ್ಟರ್‌ನ ಗುಂಡಿಗೆ ಬಿದ್ದು ಸತ್ತರು. ಅದರ ಮೇಲೆ ಹಾಸ್ಯ ಹುಟ್ಟುವುದಿಲ್ಲ. ಇನ್ನು ಗಾಲಿಕುರ್ಚಿಯವರಿಗೆ, ಮಗುವಿನ ಗಾಡಿ ತಳ್ಳುವವರಿಗೆ ಈ ಪೆಟ್ಟಿಗೆ ಯಾವತ್ತೂ ತೆರೆದದ್ದೇ ಇಲ್ಲ. ಪಾಟರ್‌ನೋಸ್ಟರ್ ಉಳಿಸಿ ಎಂದು ಕಣ್ಣೀರು ಹಾಕುವವರೆಲ್ಲ, ನನ್ನನ್ನೂ ಸೇರಿಸಿ, ಎರಡು ಕಾಲು ನೆಟ್ಟಗಿರುವವರು.

ಕಳೆದ ಬೇಸಿಗೆಯಲ್ಲಿ ಅರಸೀಕೆರೆಯಿಂದ ನಮ್ಮ ಅತ್ತೆಯವರು ಬಂದಿದ್ದರು. ಆಫೀಸು ತೋರಿಸಲು ಕರೆದುಕೊಂಡು ಹೋದೆ. ಅತಿಥಿಗಳಿಗೆ ಬೇಡ ಎಂದು ಹೇಳಿದ್ದಕ್ಕೆ ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಎದುರಿಗೆ ಬೆಂಚಿನ ಮೇಲೆ ಕೂತು, ಪೆಟ್ಟಿಗೆಗಳು ಹೋಗಿ ಬರುವುದನ್ನು ಹತ್ತು ನಿಮಿಷ ನೋಡಿದರು.

“ಅಳಿಯಂದ್ರೇ, ಒಂದು ಗಮನಿಸಿದ್ರಾ? ಹತ್ತೋವಾಗ ಒಬ್ರೂ ಮೊಬೈಲು ನೋಡ್ತಿಲ್ಲ.”

ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ ಕಣ್ಣು. ಹದಿನೆಂಟು ಸ್ಲೈಡಿನಲ್ಲಿ ಈ ಮಾತು ಎಲ್ಲೂ ಇಲ್ಲ.

ವಾಪಸು ಬರುವಾಗ ನಮ್ಮ ಬಡಾವಣೆಯ ರೈಲು ನಿಲ್ದಾಣದಲ್ಲಿ ಇಳಿದೆವು. ಅಲ್ಲಿ ಇರುವುದು ಎಲ್ಲ ನಿಯಮಕ್ಕೂ ಒಗ್ಗುವ ಲಿಫ್ಟು. ಗಾಜಿನ ಬಾಗಿಲು, ತುರ್ತು ಗುಂಡಿ, ಅಂಧರಿಗೆ ಬ್ರೈಲ್, ಮುಂದಿನ ತಪಾಸಣೆಯ ತಿಂಗಳು ತೋರಿಸುವ ಗುಂಡು ಸ್ಟಿಕ್ಕರು. ಸ್ಟಿಕ್ಕರಿನ ಅವಧಿ ಮುಂದಿನ ವರ್ಷದವರೆಗೂ ಇದೆ. ಲಿಫ್ಟು ಮಾತ್ರ ಓಡುವುದಿಲ್ಲ. ಏಳನೇ ವಾರ. ಇದಕ್ಕಿಂತ ಸುರಕ್ಷಿತ ಯಂತ್ರ ಜಗತ್ತಿನಲ್ಲಿ ಉಂಟೇ? ಇದರಲ್ಲಿ ಯಾರ ಬೆರಳೂ ಸಿಕ್ಕಿಕೊಳ್ಳುವುದಿಲ್ಲ, ಯಾರೂ ಎಡವುವುದಿಲ್ಲ, ಯಾರಿಗೂ ತಿಳಿವಳಿಕೆ ಕೊಡಬೇಕಿಲ್ಲ. ಎಲ್ಲ ಲಿಫ್ಟುಗಳೂ ಇದರ ಆದರ್ಶ ಪಾಲಿಸಿದರೆ ಇಲಾಖೆಯವರು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಇರಲಿ, ತಮಾಷೆ ಸಾಕು. ಆ ನಿಲ್ದಾಣದಲ್ಲಿ ನಲವತ್ತಾರು ಮೆಟ್ಟಿಲಿವೆ. ಮಂಡಿ ಸವೆದ ಅರವತ್ತೆಂಟು ವರ್ಷದ ಹೆಂಗಸು ಅವನ್ನು ಹತ್ತಬೇಕು, ಪಕ್ಕದಲ್ಲಿ ಒಬ್ಬಳು ತಾಯಿ ಮಗುವಿನ ಗಾಡಿಯನ್ನು ಅಪರಿಚಿತನ ಕೈಲಿ ಹಿಡಿಸಿ ಹತ್ತಬೇಕು. ಗಾಲಿಕುರ್ಚಿಯವನು ಮುಂದಿನ ನಿಲ್ದಾಣಕ್ಕೆ ಹೋಗಿ ಅಲ್ಲಾದರೂ ಲಿಫ್ಟು ಓಡುತ್ತಿದೆಯೇ ಎಂದು ನೋಡಬೇಕು. ಇದಕ್ಕೆ ರಕ್ಷಣಾ ಸಂಘ ಇಲ್ಲ. ತಿಂಗಳಿಡೀ ಪತ್ರಿಕೆಯ ಹಬ್ಬ ಇಲ್ಲ. ಮರದ ಪೆಟ್ಟಿಗೆಗೆ ಎರಡು ತಿಂಗಳೊಳಗೆ ನಿಯಮ ತಿದ್ದುವಷ್ಟು ಚುರುಕಾದ ಸರ್ಕಾರ, ಒಂದು ಬಿಡಿಭಾಗ ತರಿಸುವಷ್ಟರಲ್ಲಿ ಸುಸ್ತಾಗಿ ಮಲಗಿರುತ್ತದೆ. ನಾನು ಮೂರು ದೂರು ಬರೆದೆ. ಮೂರಕ್ಕೂ ತಕ್ಷಣ ಉತ್ತರ ಬಂತು. ಮೂರೂ ಒಂದೇ ಉತ್ತರ.

ಅತ್ತೆಯವರು ಇಪ್ಪತ್ಮೂರನೇ ಮೆಟ್ಟಿಲ ಮೇಲೆ ಸೆರಗು ಹಾಸಿ ಕೂತುಬಿಟ್ಟರು. ನಾನು ಬ್ಯಾಗು ಹಿಡಿದು ನಿಂತಿದ್ದೆ.

“ಅಲ್ಲಾ, ಆ ನಿಮ್ಮ ಆಫೀಸಿನ ಡಬ್ಬ ಇದ್ಯಲ್ಲ,” ಅಂದರು ಮಂಡಿ ಒತ್ತಿಕೊಳ್ಳುತ್ತಾ, “ಅದು ಈಗ್ಲೂ ಹೋಗ್ತಾ ಇರುತ್ತಾ, ಯಾರೂ ಇಲ್ದೇ ಇದ್ರೂನು?”

“ಏಳು ಗಂಟೆವರೆಗೂ ಹೋಗ್ತಾ ಇರುತ್ತೆ ಅತ್ತೆ.”

ಗಡಿಯಾರ ನೋಡಿಕೊಂಡರು. ಆರೂ ಕಾಲು.