ಚಿತ್ರದುರ್ಗದ ಮನೆಯ ಕುರಿತು ಒಂದು ಸ್ಪಷ್ಟನೆ

ಚಿತ್ರದುರ್ಗದಲ್ಲಿರುವ ಎಸ್. ನಿಜಲಿಂಗಪ್ಪನವರ ಮನೆಯ ಚಿತ್ರದೊಡನೆ, 'ರಾಜ್ಯದ ಮೊದಲ ಮುಖ್ಯಮಂತ್ರಿ 1947ರಿಂದ ಮಂಗಳೂರನ್ನೂ ಆಳಿದವರು. ಇದು ಅವರು ಹುಟ್ಟಿದ ಮನೆ' ಎಂಬ ಸಂದೇಶವೊಂದು ಮಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇಲ್ಲಿನ ಶಾಲೆಯೊಂದರ ಗೋಡೆಪತ್ರಿಕೆಯಲ್ಲಿ ಅದೇ ವಾಕ್ಯವನ್ನು ಮಗುವೊಂದು ನೀಲಿ ಶಾಯಿಯಲ್ಲಿ ಮುತ್ತಿನಂತೆ ಬರೆದು, ಕೆಳಗೆ ಗೆರೆ ಎಳೆದಿದ್ದನ್ನು ಕಂಡ ಮೇಲೆ ಸುಮ್ಮನಿರಲಾಗಲಿಲ್ಲ.

ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಲ್ಲಿ. ಚಿತ್ರದುರ್ಗದ್ದು ಅವರು ಬಾಳಿದ ಮನೆ. ಅದನ್ನು ಉಳಿಸಿಕೊಳ್ಳಲು ಆ ಕಾರಣವೇ ಸಾಕು, ಹುಟ್ಟಿನ ಕಥೆ ಕಟ್ಟಬೇಕಿಲ್ಲ.

1947ರ ಅಕ್ಟೋಬರಿನಲ್ಲಿ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು ಕೆ. ಚೆಂಗಲರಾಯ ರೆಡ್ಡಿ. ಆಗ ಮಂಗಳೂರು, ಉಡುಪಿಗಳೆರಡೂ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ನಮ್ಮ ಹಿರಿಯರು ಸರ್ಕಾರಿ ಕಾಗದಕ್ಕೆ ಮದರಾಸಿನತ್ತ ನೋಡಬೇಕಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿ, ಉಳಿದ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಬಂದಾಗ ಅದರ ಮೊದಲ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪ. ಆದ್ದರಿಂದ ಅವರನ್ನು 'ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ' ಎನ್ನುವುದು ಸರಿ, 1947ರ ಮಾತು ತಪ್ಪು. ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ, ದೇವರಾಜ ಅರಸರ ಕಾಲದಲ್ಲಿ. ಸಂದೇಶ ಹಂಚಿದವರು ಈ ತಿದ್ದುಪಡಿಯನ್ನೂ ಅದೇ ಗುಂಪುಗಳಿಗೆ ಕಳುಹಿಸಬೇಕೆಂದು ಕೋರುತ್ತೇನೆ.