ಮೊದಲು ಮುಳುಗಿಸಿ ನೋಡಿ

ಹೊಸ ಸರ್ಕಾರಿ ಆ್ಯಪ್ ಬಿಡುಗಡೆಯಾದಾಗಲೆಲ್ಲ ನನಗೆ ಒಂದು ಭತ್ತದ ತಳಿ ನೆನಪಾಗುತ್ತದೆ. ನಗಬೇಡಿ, ಕಾರಣ ಇದೆ.

ಭತ್ತಕ್ಕೆ ನೀರು ಬೇಕು ನಿಜ. ಆದರೆ ಪೈರು ಪೂರ್ತಿ ಮುಳುಗಿ ದಿನಗಟ್ಟಲೆ ಹಾಗೇ ಉಳಿದರೆ ಹೆಚ್ಚಿನ ತಳಿಗಳು ಸಾಯುತ್ತವೆ. ನೀರಿನಿಂದ ತಲೆ ಎತ್ತಲು ಸರಸರನೆ ಉದ್ದ ಬೆಳೆಯಲು ಹೋಗಿ ಇದ್ದಬದ್ದ ಶಕ್ತಿಯನ್ನೆಲ್ಲ ಖಾಲಿ ಮಾಡಿಕೊಳ್ಳುತ್ತವೆ. ಒಡಿಶಾದ ಹಳೆಯ ತಳಿ ಎಫ್‌ಆರ್13ಎ ಹಾಗಲ್ಲ. ಅದು ಬೆಳವಣಿಗೆಗೆ ತಡೆ ಹಾಕಿ ಉಸಿರು ಬಿಗಿಹಿಡಿದು ಕೂತುಬಿಡುತ್ತದೆ, ನೀರಿಳಿದ ಮೇಲೆ ಮತ್ತೆ ಚಿಗುರುತ್ತದೆ. ಈ ಗುಣದ ಹಿಂದಿರುವುದು ಸಬ್1ಎ ಎಂಬ ಜೀನ್ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ರೈತರಿಗೆ ಆಗಲೇ ಒಗ್ಗಿದ್ದ ಸ್ವರ್ಣ ತಳಿಗೆ ಆ ಗುಣವನ್ನು ಸಂಕರಣದಿಂದಲೇ ತಂದರು. 2009ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಸ್ವರ್ಣ-ಸಬ್1 ಎರಡು ವಾರದ ಹತ್ತಿರ ಮುಳುಗಿದ್ದರೂ ಬದುಕಬಲ್ಲದು. ನೆರೆ ಬಾರದ ವರ್ಷವೂ ನಷ್ಟವಿಲ್ಲ, ಇಳುವರಿ ಹಳೆಯ ಸ್ವರ್ಣದಷ್ಟೇ.

ಪ್ರಯೋಗದ ತಾಕಿನಲ್ಲಿ ನೀರು ನಿಲ್ಲಿಸಿ, ಪೈರನ್ನು ಮುಳುಗಿಸಿ ನೋಡಿಯೇ ಈ ಬೀಜ ಕೊಟ್ಟದ್ದು. ಆ್ಯಪ್‌ಗಳನ್ನು ಹಾಗೆ ಮುಳುಗಿಸಿ ನೋಡುವವರು ಯಾರು? ನೆರೆ ಬಂದ ದಿನ ಕರೆಂಟ್ ಇರುವುದಿಲ್ಲ, ಟವರ್ ಸತ್ತಿರುತ್ತದೆ. ಪರಿಹಾರದ ಅರ್ಜಿಗೆ ಮಾತ್ರ ಓಟಿಪಿ ಬೇಕು, ಬೆಳೆಯ ಫೋಟೊ ಅಪ್‌ಲೋಡ್ ಆಗಬೇಕು. ದುಡಿದು ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಗೇಣಿಗೆ ಮಾಡುವವರ ಹೆಸರಂತೂ ಎಷ್ಟೋ ಕಡೆ ಜಮೀನಿನ ದಾಖಲೆಯಲ್ಲೇ ಇಲ್ಲ. ಡಿಜಿಟಲ್ ಸೇವೆಯೇ ಬೇಡ ಅನ್ನುತ್ತಿಲ್ಲ. ಸಾಲು ನಿಲ್ಲುವುದು, ಮಧ್ಯವರ್ತಿಯ ಕೈ ಬೆಚ್ಚಗೆ ಮಾಡುವುದು ತಪ್ಪಿದರೆ ಯಾರಿಗೆ ಬೇಡ?

ಒಡಿಶಾದಲ್ಲಿ ಸ್ವರ್ಣ-ಸಬ್1 ಕುರಿತು ನಡೆದ ಕ್ಷೇತ್ರ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ನೆರೆ ನುಗ್ಗುವ ತಗ್ಗಿನ ಜಮೀನು ಹೆಚ್ಚಾಗಿ ಪರಿಶಿಷ್ಟ ಜಾತಿಯ ರೈತರ ಪಾಲಿಗೆ ಬಂದಿದೆ, ಹಾಗಾಗಿ ಈ ಬೀಜದಿಂದ ಹೆಚ್ಚು ಲಾಭವಾಗುವುದೂ ಅವರಿಗೇ ಎಂದು ಅದು ತೋರಿಸಿತು. ಕೆಟ್ಟ ದಿನವನ್ನು ಲೆಕ್ಕಕ್ಕೆ ಹಿಡಿದು ಮಾಡಿದ ವಸ್ತು ತಾನಾಗಿಯೇ ಬಡವರ ಕೈ ಹಿಡಿಯಿತು. ಒಳ್ಳೆಯ ದಿನಕ್ಕೆಂದು ಮಾಡಿದ ಆ್ಯಪ್ ಮೊದಲು ಕೈಬಿಡುವುದು ಇಂಥವರನ್ನೇ.

ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ತಳಿ ಸಂಶೋಧಕರೂ ಕಂಪ್ಯೂಟರ್ ವಿಭಾಗದವರೂ ಒಂದೇ ಕ್ಯಾಂಪಸ್ಸಿನಲ್ಲಿದ್ದಾರೆ. ಒಮ್ಮೆ ಕೂತು ಮಾತಾಡಲಿ. ನೆಟ್‌ವರ್ಕ್ ತೆಗೆದು, ಹಳೆಯ ಫೋನ್ ಕೊಟ್ಟು, ದಾಖಲೆಯಿಲ್ಲದ ಗೇಣಿದಾರರನ್ನೇ ಕರೆದು ಆ್ಯಪ್ ಪರೀಕ್ಷಿಸಲಿ. ಎಷ್ಟು ಅರ್ಜಿ ಬಿದ್ದುಹೋದವು, ಯಾಕೆ ಎಂಬುದನ್ನು ಇಳುವರಿಯ ಲೆಕ್ಕದಂತೆ ಪ್ರತಿ ಹಂಗಾಮಿಗೂ ಪ್ರಕಟಿಸಲಿ. ಅಲ್ಲಿಯವರೆಗೆ ಕಾಗದದ ಅರ್ಜಿಯ ಕಿಟಕಿ ಮುಚ್ಚುವುದು ಬೇಡ.